ಹಂಚಿನ ಚೂರಿನ ಮೇಲೆ ಚಂದ್ರಗಿರಿಯ ಜೇಡಿ

ಹಂಚಿನ ಚೂರಿಗೆ ಜೇಡಿ ಹಚ್ಚಿ, ಖನಿಜ ಗುರುತಿಸುವ ಎಕ್ಸ್‌ರೇ ಸ್ಕ್ಯಾನಿಗೆ ಕೊಟ್ಟರೆ ಗ್ರಾಫಿನಲ್ಲಿ ಹಂಚಿನ ಶಿಖರಗಳೇ ಬರುತ್ತವೆ ಎಂದು ನಕ್ಕವರು, ಈಗ ಚೂರನ್ನು ಹೇಗೆ ತಯಾರಿಸಿದಿರಿ ಎಂದು ಫೋನ್ ಮಾಡುತ್ತಿದ್ದಾರೆ.

ಕಾಸರಗೋಡಿನ ಚಂದ್ರಗಿರಿ ನದಿಯ ಅಳಿವೆಯ ಕೆಸರಿನಲ್ಲಿ 7 ಆಂಗ್‌ಸ್ಟ್ರಾಮ್ (ಹರಳಿನ ಪದರಗಳ ನಡುವಿನ ಅಂತರದ ಅಳತೆ) ಶಿಖರ ಎತ್ತರವಾಗಿ ಬರುತ್ತದೆ. ಮುರಕಲ್ಲಿನ ನಾಡು, ಇಲ್ಲಿ ಸಾಮಾನ್ಯವಾದ ಜೇಡಿ ಖನಿಜ ಕೆಯೊಲಿನೈಟ್ ಎಂದು ಬರೆದು ಮುಗಿಸಬಹುದಿತ್ತು. ಆದರೆ ನದಿ ಇಳಿದು ಬರುವುದು ಕೊಡಗಿನ ಬೆಟ್ಟಗಳಿಂದ. ಕ್ಲೋರೈಟ್ ಎಂಬ ಇನ್ನೊಂದು ಜೇಡಿ ಖನಿಜದ ಎರಡನೆಯ ಶಿಖರವೂ ಅಲ್ಲೇ ಬರುತ್ತದೆ, ಮೊದಲನೆಯದು 14ರಲ್ಲಿ. 550 ಡಿಗ್ರಿಗೆ ಕಾಯಿಸಿದರೆ ಕೆಯೊಲಿನೈಟ್ ಮಾಯವಾಗುತ್ತದೆ, ಕ್ಲೋರೈಟ್ ಇದ್ದರೆ 14ರಲ್ಲಿ ನಿಲ್ಲುತ್ತದೆ. ತೊಂದರೆ ಇರುವುದು ಜೇಡಿ ಹಚ್ಚುವ ಸ್ಲೈಡಿನಲ್ಲಿ. ಅಗ್ಗದ ಗಾಜು ಆ ಬಿಸಿಗೆ ಬಾಗುತ್ತದೆ, ಜೇಡಿಯ ಪದರ ಹಪ್ಪಳದಂತೆ ಏಳುತ್ತದೆ. ಸ್ಕ್ಯಾನ್ ಒಂದಕ್ಕೆ ಸಾವಿರದ ಆಸುಪಾಸು. ಒಣಗಿದ್ದು, ಗ್ಲೈಕಾಲ್ (ಕೆಲವು ಜೇಡಿಗಳನ್ನು ಉಬ್ಬಿಸುವ ದ್ರವ) ಹಾಕಿದ್ದು, ಕಾಯಿಸಿದ್ದು ಎಂದು ಒಂದೊಂದು ಮಾದರಿಗೆ ಮೂರು. ಹನ್ನೆರಡು ಸಾವಿರದಷ್ಟಾದರೂ ಬಾಗಿದ ಗಾಜಿಗೇ ಹೋಗಿದೆ.

ಅದಕ್ಕೇ ಗಾಜಿನ ಬದಲು ಹಂಚಿನ ಚೂರು ಹಿಡಿದೆ. ಮಂಗಳೂರು ಹಂಚನ್ನು ಗೂಡಿನಲ್ಲಿ ಸುಡುವಾಗಲೇ ಅದರ ಕೆಯೊಲಿನೈಟ್ ಸತ್ತಿರುತ್ತದೆ. ಹಾಗಾಗಿ 7ರಲ್ಲಾಗಲಿ 14ರಲ್ಲಾಗಲಿ ಅದು ಬಾಯಿ ಬಿಡುವುದಿಲ್ಲ. ಬರಿಯ ಚೂರನ್ನು ಮೊದಲು ಸ್ಕ್ಯಾನ್ ಮಾಡಿಸಿಯೇ ಹೇಳುತ್ತಿದ್ದೇನೆ. ನೀರನ್ನು ತಾನೇ ಹೀರುವುದರಿಂದ ಪದರವೂ ಸಮನಾಗಿ ಕೂರುತ್ತದೆ. ಹಂಚಿನೊಳಗಿನ ಕ್ವಾರ್ಟ್ಜ್ ಮಾತ್ರ 3.34ರಲ್ಲಿ ಎದ್ದು, ಇಲೈಟ್ ಎಂಬ ಮತ್ತೊಂದು ಜೇಡಿ ಖನಿಜದ ಮೂರನೆಯ ಶಿಖರವನ್ನು ನುಂಗುತ್ತದೆ. ಇಲೈಟ್ ಬೇಕಾದವರು ಗಾಜಿನ ಸ್ಲೈಡನ್ನೇ ನೋಡಲಿ. ಮೇಲ್ಮೈ ಸ್ವಲ್ಪ ತಗ್ಗಿದರೂ ಶಿಖರಗಳು ಪಕ್ಕಕ್ಕೆ ಜಾರುತ್ತವೆ. ಅದನ್ನು ಮಟ್ಟಮಾಡುವ ಉಪಾಯವನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಅಳಿವೆಯ ಕೆಸರಿನ ಉಪ್ಪು ಹೋಗುವವರೆಗೆ ಕ್ಯಾಲ್ಗಾನ್ (ಜೇಡಿಯ ಕಣಗಳನ್ನು ಬಿಡಿಸುವ ಪುಡಿ) ಹಾಕಿದರೂ ಜೇಡಿ ಗರಣೆ ಕಟ್ಟಿ ತಳಕ್ಕಿಳಿಯುತ್ತದೆ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ತಂದು ತಂದು ಸಾಕಾಗಿ, ಆಟಿ ತಿಂಗಳ (ಜುಲೈ-ಆಗಸ್ಟ್) ಜಡಿಮಳೆಯಲ್ಲಿ ಪ್ಲಾಸ್ಟಿಕ್ ಹಾಳೆ ಕಟ್ಟಿ ನೀರು ಹಿಡಿದೆ. ತೊಳೆಯಲು ಧಾರಾಳವಾಗಿ ಸಾಕು. ಎರಡು ಮೈಕ್ರಾನಿಗಿಂತ ದಪ್ಪ ಕಣ ತಳಕ್ಕಿಳಿಯಲು ಪುಸ್ತಕದವರು ಹೇಳುವ ಎಂಟು ಗಂಟೆ 20 ಡಿಗ್ರಿಯ ಲೆಕ್ಕ. ನಮ್ಮ 28 ಡಿಗ್ರಿಯ ನೀರಿನಲ್ಲಿ 10 ಸೆಂಟಿಮೀಟರಿಗೆ ಆರೂವರೆ ಗಂಟೆ ಸಾಕು.

ಕಾಯಿಸಿದ ಮೇಲೆ 7 ಪೂರ್ತಿ ಹೋಯಿತು, 14ರಲ್ಲಿ ಏನೂ ಇಲ್ಲ. ಕೆಯೊಲಿನೈಟೇ. ಕಾಯಿಸದ ಸ್ಲೈಡಿನಲ್ಲಿ 4.85ರ ಗಿಬ್ಸೈಟೂ (ಅಲ್ಯುಮಿನಿಯಂ ಖನಿಜ) ಚೆನ್ನಾಗಿ ಕಂಡಿತ್ತು.

ಇದರ ನಡುವೆ ಗಾಳಿಯ ಧೂಳಿನ ಹುಚ್ಚೂ ಹಿಡಿಯಿತು. ಅರಬ್ಬಿ ಸಮುದ್ರದ ತಳದಲ್ಲಿ ಅರೇಬಿಯಾದಿಂದ ಹಾರಿಬಂದ ಪಾಲಿಗೋರ್ಸ್ಕೈಟ್ ಎಂಬ ಜೇಡಿ ಖನಿಜ ಸಿಗುತ್ತದಲ್ಲ, ನಮ್ಮ ತಾರಸಿಯಲ್ಲೂ ಸಿಗಬಾರದೇಕೆ ಎಂದು ಧೂಳು ಹಿಡಿಯಲು ಗೋಲಿ ತುಂಬಿದ ತಟ್ಟೆ ಇಟ್ಟೆ. ಬಿದ್ದದ್ದೆಲ್ಲ ಪಕ್ಕದ ಮುರಕಲ್ಲಿನ ಕೋರೆಯ ಯಂತ್ರ ಎಬ್ಬಿಸಿದ ಕೆಂಪು ಧೂಳು. ಈಗ ತಟ್ಟೆಯನ್ನು ಕಡಲ ತೀರದ ಬೇಕಲದ ಕಡೆ ಸ್ನೇಹಿತರೊಬ್ಬರ ತಾರಸಿಗೆ ಸಾಗಿಸಿದ್ದೇನೆ. ಅಲ್ಲಿ ಸದ್ಯ ಬೀಳುತ್ತಿರುವುದು ಉಪ್ಪು.