ಮೀಟರ್ ಬೀಪ್ ಅಂದಿತ್ತು, ಒಳಗೆ 43 ವ್ಯಾಟ್ ಉರಿಯುತ್ತಿತ್ತು: ನನ್ನ ಅನುಭವ

ಗೀಸರ್ ಹಾಕಿ ಹತ್ತು ನಿಮಿಷ ಆದರೆ ಸುಟ್ಟ ವಾಸನೆ. ಆಫ್ ಮಾಡಿ ನೋಡಿದರೆ ಏನೂ ಇಲ್ಲ. ಈ ಒಂದು ದೂರಿಗೆ ಆ ಮನೆಯವರು ಎರಡು ಸಾರಿ ಸಾಕೆಟ್, ಒಂದು ಸಾರಿ ಪ್ಲಗ್, ಕೊನೆಗೆ ಗೀಸರಿನ ಎಲಿಮೆಂಟನ್ನೂ ಬದಲಾಯಿಸಿದ್ದರು. ಮೊದಲನೇ ಸಾಕೆಟ್ ಬದಲಾಯಿಸಿದವನು ನಾನೇ. ವಾಸನೆ ಹೋಗಲಿಲ್ಲ. ಆಮೇಲೆ ಎರಡು ಸಾರಿ ಹೋದಾಗ ಕೂಲಿ ಕೇಳೋಕೆ ಬಾಯಿ ಬರಲಿಲ್ಲ.

ಎಲ್ಲರೂ ಮಾಡೋದನ್ನೇ ನಾನೂ ಮಾಡಿದ್ದೆ. ಮೇನ್ ಆಫ್ ಮಾಡಿ, ಮಲ್ಟಿಮೀಟರನ್ನು ಬೀಪ್‌ನಲ್ಲಿಟ್ಟು (ವೈರ್ ಎಲ್ಲೂ ಕಡಿದಿಲ್ಲ ಅಂದರೆ ಕೂಗೋ ಸೆಟ್ಟಿಂಗ್) ಮುಟ್ಟಿಸಿದೆ. ಬೀಪ್ ಬಂತು. ಓಮ್ಸ್‌ನಲ್ಲಿ, ಅಂದರೆ ಕರೆಂಟಿಗೆ ಎಷ್ಟು ತಡೆ ಇದೆ ಅಂತ ತೋರಿಸೋ ಅಳತೆಯಲ್ಲಿ, ಇಟ್ಟರೆ ಒಮ್ಮೆ 0.4, ಗಟ್ಟಿಯಾಗಿ ಒತ್ತಿದರೆ 0.3. ಪ್ರೋಬ್ ವೈರುಗಳದ್ದೇ 0.2, 0.3 ಇರುತ್ತೆ ಅಲ್ವಾ? ಅಲ್ಲಿಗೆ ಲೈನ್ ಸರಿಯಿದೆ ಅಂದುಕೊಂಡೆ. ತಪ್ಪಾಗಿದ್ದು ಅಲ್ಲೇ. ಮೀಟರ್ ಓಮ್ಸ್ ಅಳೆಯೋವಾಗ ಬಿಡೋ ಕರೆಂಟ್ ತೀರಾ ಕಡಿಮೆ. ಎರಡು ವೈರ್ ಸೇರೋ ಜಾಯಿಂಟ್ ಕೆಟ್ಟಿದ್ದರೂ, ತಣ್ಣಗಿದ್ದಾಗ ಅಷ್ಟು ಕರೆಂಟಿಗೆ ಅದು ಒಳ್ಳೆಯದಾಗಿಯೇ ಕಾಣುತ್ತೆ. ಎಂಟು ಆಂಪ್ಸ್ ಹರಿದು ಬಿಸಿಯಾದ ಮೇಲೆ ಅದರ ಅವತಾರವೇ ಬೇರೆ.

ಲೋಡ್ ಹಾಕಿಯೇ, ಅಂದರೆ ಗೀಸರ್ ಓಡುತ್ತಿರುವಾಗಲೇ ಅಳೆಯಬೇಕು ಅಂತ ನಾನು ಹೇಳಿದಾಗ ಜೊತೆಗಿದ್ದ ಹಿರಿಯರು ಒಪ್ಪಲಿಲ್ಲ. "ಲೆಕ್ಕ ಹಾಕಿ ವೈರಿಂಗ್ ರಿಪೇರಿ ಮಾಡ್ತೀಯೇನಪ್ಪಾ? ಹೊಸ ಲೈನ್ ಎಳೆದುಬಿಡು" ಅಂದರು. ಗೋಡೆ ಒಡೆದು ಹೊಸ ಲೈನ್ ಎಳೆಯೋ ಖರ್ಚು ಆ ಮನೆಯವರಿಗೆ ಹೊಸ ಗೀಸರಿಗಿಂತ ಜಾಸ್ತಿ ಆಗುತ್ತಿತ್ತು.

ಗೀಸರ್ ಆನ್ ಇಟ್ಟು ಮೇನ್ ಬೋರ್ಡಿನಲ್ಲಿ ನೋಡಿದೆ. 228 ವೋಲ್ಟ್, ಲೋಡಿಗೂ ಅಲುಗಾಡಲಿಲ್ಲ. ಸಾಕೆಟ್ ಹತ್ತಿರ ಮೊದಲು 221 ಇತ್ತು. ಹತ್ತು ನಿಮಿಷಕ್ಕೆ 219ಕ್ಕೆ ಇಳಿಯಿತು. ಇಳಿಯುತ್ತಾ ಹೋಗಿದ್ದೇ ನನಗೆ ಸಿಕ್ಕ ಮೊದಲ ಸುಳಿವು. ವೈರಿನ ಸುತ್ತ ಹಿಡಿದು ಕರೆಂಟ್ ಅಳೆಯೋ ಕ್ಲಾಂಪ್ ಮೀಟರಿನಲ್ಲಿ 8.3 ಆಂಪ್ಸ್ ಆಸುಪಾಸು.

ದಾರಿಯಲ್ಲಿ ಹೋದದ್ದು 9 ವೋಲ್ಟ್. 8.3ರಿಂದ ಭಾಗಿಸಿದರೆ 1.1 ಓಮ್ ಹತ್ತಿರ. ವೋಲ್ಟನ್ನು ಆಂಪ್ಸಿನಿಂದ ಗುಣಿಸಿದರೆ ಸುಮಾರು 75 ವ್ಯಾಟ್. ವೈರ್ 2.5 ಸ್ಕ್ವೇರ್ ಎಂಎಂ ತಾಮ್ರ, ಮೀಟರಿಗೆ 7.4 ಮಿಲಿಓಮ್ ಬರುತ್ತೆ. ಹೋಗಿ ಬರೋ ಉದ್ದ ನಲವತ್ತು ಮೀಟರ್ ಹಿಡಿದರೂ 0.3 ಓಮ್ ಅಷ್ಟೇ, ಅದರಲ್ಲಿ ಎರಡೂವರೆ ವೋಲ್ಟ್ ಹೋಗಬಹುದು. ಉಳಿದ ಆರೂವರೆ ವೋಲ್ಟ್ ಎಲ್ಲಿ ಹೋಯ್ತು?

ಇಲ್ಲಿಂದ ಆಚೆಗಿನದು ಓಡಾಟದ ಕೆಲಸ. ಉದ್ದ ವೈರೊಂದನ್ನು ಮೇನಿನ ನ್ಯೂಟ್ರಲ್ ಬಾರಿಗೆ (ಕರೆಂಟ್ ವಾಪಸ್ ಬರೋ ವೈರುಗಳು ಸೇರೋ ಪಟ್ಟಿ) ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಮೀಟರಿನ ಒಂದು ಪ್ರೋಬಿಗೆ ಸೇರಿಸಿ, ವೈರುಗಳ ಜಾಯಿಂಟ್ ಇರೋ ಬಾಕ್ಸುಗಳನ್ನು ಒಂದೊಂದಾಗಿ ತೆರೆದು ಅಲ್ಲಿನ ನ್ಯೂಟ್ರಲ್‌ಗೆ ಇನ್ನೊಂದು ಪ್ರೋಬ್ ಮುಟ್ಟಿಸುತ್ತಾ ಹೋದೆ. ಉದ್ದ ವೈರಿದ್ದಾಗ ಮೀಟರಿನ ಅಂಕಿ ಕುಣಿಯುತ್ತೆ. ಅದನ್ನು ನಿಲ್ಲಿಸೋಕೆ ನಾನೊಂದು ಉಪಾಯ ಮಾಡಿಕೊಂಡಿದ್ದೀನಿ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ, ಎರಡು ದಿನ ಕೂತರೆ ನಿಮಗೂ ಹೊಳೆಯುತ್ತೆ. ಇದೆಲ್ಲ ಕರೆಂಟ್ ಇದ್ದಾಗಲೇ ಮಾಡೋ ಕೆಲಸ. ಪ್ರೋಬಿನ ತುದಿ ಸ್ವಲ್ಪವೇ ಬಿಟ್ಟು ಉಳಿದದ್ದಕ್ಕೆ ಕರೆಂಟ್ ತಾಗದ ಸ್ಲೀವ್ ಹಾಕಿರಿ.

ಮೂರನೇ ಬಾಕ್ಸಿನಲ್ಲಿ ಸಿಕ್ಕಿತು. ಬರೀ ತಿರುಚಿ ಟೇಪ್ ಸುತ್ತಿದ್ದ ನ್ಯೂಟ್ರಲ್ ಜಾಯಿಂಟ್. ಅದರ ಈಚೆಗೊಂದು ಪ್ರೋಬ್, ಆಚೆಗೊಂದು: 5.2 ವೋಲ್ಟ್. ಅಂದರೆ 0.6 ಓಮ್ ಮೇಲೆ, 43 ವ್ಯಾಟ್. ನಾವು ಬೆಸುಗೆ ಹಾಕೋ ಸಾಲ್ಡರಿಂಗ್ ಐರನ್ 25 ವ್ಯಾಟಿನದು. ಅದಕ್ಕಿಂತ ಜಾಸ್ತಿ ವ್ಯಾಟ್ ಉರಿಸೋ ವಸ್ತು ಪ್ಲಾಸ್ಟಿಕ್ ಬಾಕ್ಸಿನೊಳಗೆ ಕೂತಿತ್ತು! ಟೇಪ್ ಬಿಚ್ಚಿದರೆ ಕೈಗೆ ಕಪ್ಪು ಪುಡಿ. ಒಳಗಿನ ತಾಮ್ರ ನೇರಳೆ ಬಣ್ಣಕ್ಕೆ ತಿರುಗಿತ್ತು, ಎಳೆಗಳು ಬೆರಳಿಗೆ ಪಟಪಟ ಮುರಿದವು.

ಸುಟ್ಟ ಭಾಗ ಕತ್ತರಿಸಿ, ತಾಮ್ರ ಹೊಳೆಯೋವರೆಗೂ ಹಿಂದಕ್ಕೆ ಹೋಗಿ, ಲೋಹದ ಸ್ಲೀವ್ ಹಾಕಿ ಕ್ರಿಂಪ್ ಮಾಡಿದೆ, ಅಂದರೆ ಒತ್ತಿ ಬಿಗಿ ಮಾಡಿದೆ. ಈಗ ಅದೇ ಜಾಗದಲ್ಲಿ 20 ಮಿಲಿವೋಲ್ಟ್. ಕಾಲು ವ್ಯಾಟೂ ಇಲ್ಲ. ಹೊಸ ಲೈನ್ ಎಳೆಯಬೇಕಾಗಲಿಲ್ಲ. ಹಿರಿಯರು ಮೀಟರನ್ನು ತಾವೇ ಹಿಡಿದು ಎರಡು ಸಾರಿ ನೋಡಿದರು.

ಈ ಹಂತಕ್ಕೆ ಬರೋ ಮೊದಲು ನಾನು ಕಳೆದುಕೊಂಡದ್ದನ್ನೂ ಹೇಳಬೇಕು. ಆಂಪ್ಸ್ ಅಳೆದಾದ ಮೇಲೆ ಕೆಂಪು ಪ್ರೋಬನ್ನು ಅದೇ ತೂತಿನಲ್ಲಿ ಬಿಟ್ಟು ವೋಲ್ಟ್ ನೋಡೋಕೆ ಹೋಗಿ ಒಂದು ಒಳ್ಳೆ ಮೀಟರ್ ಸುಟ್ಟೆ. ಪ್ರೋಬಿನ ತುದಿ ಕರಗಿ ಗುಂಡಗಾಯಿತು. ಒಂದು ವಾರದ ದುಡಿಮೆ ಹೋಯ್ತು. ಅಂದಿನಿಂದ ಆಂಪ್ಸಿಗೆ ಕ್ಲಾಂಪ್ ಬಿಟ್ಟು ಬೇರೇನೂ ಬಳಸಲ್ಲ. ಕರೆಂಟ್ ತೀರಾ ಕಡಿಮೆ ಇದ್ದರೆ ವೈರನ್ನು ಕ್ಲಾಂಪಿನೊಳಗೆ ಹತ್ತು ಸುತ್ತು ಹಾಕಿ, ಬಂದ ಅಂಕಿಯನ್ನು ಹತ್ತರಿಂದ ಭಾಗಿಸ್ತೀನಿ.

ಲೆಕ್ಕದ ಹುಚ್ಚು ಹತ್ತಿದ ಮೇಲೆ ಮನೆಯಲ್ಲಿದ್ದದ್ದನ್ನೆಲ್ಲ ಅಳೆದೆ. 100 ವ್ಯಾಟಿನ ಹಳೇ ಬಲ್ಬ್ ತಣ್ಣಗಿದ್ದಾಗ 40 ಓಮ್ಸ್ ತೋರಿಸಿತು. ಉರಿಯೋವಾಗ 230 ವೋಲ್ಟಿಗೆ 0.43 ಆಂಪ್ಸ್, ಅಂದರೆ 530 ಓಮ್ಸ್! ಗೀಸರಿನ ಎಲಿಮೆಂಟ್ ಹಾಗಲ್ಲ. ತಣ್ಣಗಿದ್ದಾಗಲೂ ಬಿಸಿಯಾದಾಗಲೂ 26 ಚಿಲ್ಲರೆ. ಅದಕ್ಕೇ ಅದರ ಲೆಕ್ಕವನ್ನು ಕಣ್ಣುಮುಚ್ಚಿ ನಂಬಬಹುದು. 9 ವ್ಯಾಟಿನ ಎಲ್‌ಇಡಿ ಬಲ್ಬಿನಲ್ಲಿ ಮೋಸಹೋದೆ. ಗುಣಿಸಿದರೆ 17 ಬಂತು, ಬಲ್ಬ್ ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ, ಅದರ ಪವರ್ ಫ್ಯಾಕ್ಟರ್ (ಗುಣಿಸಿ ಬಂದದ್ದರಲ್ಲಿ ನಿಜವಾಗಿ ಖರ್ಚಾಗೋ ಪಾಲು) ಅರ್ಧದಷ್ಟಿತ್ತು ಅಷ್ಟೇ. ಹಾಗಾಗಿ ಎಲ್‌ಇಡಿ, ಫ್ಯಾನ್, ಮೋಟರ್‌ಗಳಿಗೆ ಬರೀ ಗುಣಿಸಿ ವ್ಯಾಟ್ ಅನ್ನಬೇಡಿ. ಜಾಯಿಂಟಿಗಾದರೆ ಇದು ಸರಿಯಾಗಿ ಕೂರುತ್ತೆ, ಏಕೆಂದರೆ ಅಲ್ಲಿರೋದು ಶುದ್ಧ ರೆಸಿಸ್ಟೆನ್ಸ್.

ಈಗ ದೊಡ್ಡ ಲೋಡಿನ ಜಾಯಿಂಟ್ ಮಾಡಿದಾಗೆಲ್ಲ ಅದರ ಮಿಲಿವೋಲ್ಟನ್ನೂ ಆಂಪ್ಸನ್ನೂ ಬಾಕ್ಸಿನ ಮುಚ್ಚಳದ ಒಳಗೆ ಮಾರ್ಕರಿನಲ್ಲಿ ಬರೀತೀನಿ. ಆರು ತಿಂಗಳ ಮೇಲೆ ಆ ಗೀಸರಿನ ಬಾಕ್ಸ್ ತೆರೆದು ನೋಡಿದೆ. 21 ಇತ್ತು.