ವಾಂತಿ-ಭೇದಿ ಆದಾಗ ಮಗುವಿನ ಕಿಡ್ನಿ ಮೇಲೆ ಕಣ್ಣಿಡುವುದು ಹೇಗೆ?

ಮಗುವಿಗೆ ಜ್ವರ, ವಾಂತಿ, ಭೇದಿ ಶುರುವಾದರೆ ಎಲ್ಲರೂ ಥರ್ಮಾಮೀಟರ್ ಹಿಡಿದು ಕೂರುತ್ತೇವೆ. ಉಚ್ಚೆ ಕಡೆ ಗಮನ ಹೋಗುವುದೇ ಇಲ್ಲ, ಅಲ್ವಾ? ಮೈಯಲ್ಲಿ ನೀರು ಕಮ್ಮಿಯಾದರೆ ಕಿಡ್ನಿಗೆ ಹೋಗುವ ರಕ್ತವೂ ಕಮ್ಮಿಯಾಗುತ್ತದೆ, ಹಾಗೇ ಬಿಟ್ಟರೆ ಒಂದೆರಡು ದಿನದಲ್ಲೇ ಅದು ಸೋಸುವ ಕೆಲಸದಲ್ಲಿ ಹಿಂದೆ ಬೀಳಬಹುದು. ಡಾಕ್ಟರ್‌ಗಳು ಇದನ್ನು ಎಕೆಐ (ಅಕ್ಯೂಟ್ ಕಿಡ್ನಿ ಇಂಜುರಿ, ಅಂದರೆ ಕಿಡ್ನಿಗೆ ದಿಢೀರ್ ಬೀಳುವ ಪೆಟ್ಟು) ಅನ್ನುತ್ತಾರೆ.

ಮೊದಲು, ಕೊನೆಯ ಸಲ ಉಚ್ಚೆ ಮಾಡಿದ್ದು ಎಷ್ಟು ಗಂಟೆಗೆ ಅಂತ ಬರೆದಿಡಿ. ಡೈಪರ್ ಹಾಕುವ ಮಗುವಾದರೆ ಇನ್ನೂ ಸುಲಭ. ಒಣ ಡೈಪರನ್ನು ಅಡುಗೆಮನೆಯ ತೂಕದ ಯಂತ್ರದ ಮೇಲಿಟ್ಟು ನೋಡಿ, ಒದ್ದೆಯಾದ ಮೇಲೆ ಮತ್ತೆ ಇಡಿ, ಏರಿದ 1 ಗ್ರಾಂ ಅಂದರೆ ಸುಮಾರು 1 ಮಿಲಿ ಉಚ್ಚೆ. 10 ಕೆಜಿಯ ಮಗುವಿಗೆ 6 ಗಂಟೆಯಲ್ಲಿ 30 ಗ್ರಾಂ ಕೂಡ ಏರಲಿಲ್ಲವೆಂದರೆ ಬೆಳಗಾಗಲಿ ಅಂತ ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ನೀರುಭೇದಿ ಬೆರೆತ ಡೈಪರ್ ತೂಗಿ ಪ್ರಯೋಜನವಿಲ್ಲ. ಇನ್ನೊಂದು ಮಾತು, ಉಚ್ಚೆ ಚೆನ್ನಾಗಿ ಬರುತ್ತಿದ್ದರೂ ಕೆಲವು ಮಕ್ಕಳಲ್ಲಿ ಕಿಡ್ನಿಗೆ ಪೆಟ್ಟು ಬಿದ್ದಿರುತ್ತದೆ, ಹಾಗಾಗಿ ಮಗು ಮಂಕಾಗಿದ್ದರೆ ಇದೊಂದನ್ನೇ ನಂಬಿ ಕೂರಬೇಡಿ.

ಓಆರ್‌ಎಸ್ ಪ್ಯಾಕೆಟ್ ಮೇಲೆ ಎಷ್ಟು ನೀರು ಅಂತ ಬರೆದಿದೆಯೋ ಅಷ್ಟಕ್ಕೇ ಕಲಸಿ. ಕುಡಿದಿದ್ದೆಲ್ಲ ವಾಂತಿಯಾಗುತ್ತಿದ್ದರೆ ಹತ್ತು ನಿಮಿಷ ಬಿಟ್ಟು, ಆಮೇಲೆ ಎರಡು ನಿಮಿಷಕ್ಕೊಂದು ಚಮಚ ಕುಡಿಸಿ.

ಔಷಧಿಯಲ್ಲೇ ಜಾಸ್ತಿ ಎಡವುವುದು. ವಾಂತಿ-ಭೇದಿಯಾಗಿ ಸೊರಗಿದ ಮಗುವಿಗೆ ಜ್ವರಕ್ಕೆ ಅಂತ ಐಬುಪ್ರೊಫೆನ್ ಕೊಡಬೇಡಿ, ಅದು ಕಿಡ್ನಿಯ ರಕ್ತ ಓಡಾಟವನ್ನು ಇನ್ನೂ ಕುಗ್ಗಿಸುತ್ತದೆ. ಕೆಲವು ಜ್ವರದ ಸಿರಪ್‌ಗಳಲ್ಲಿ ಪ್ಯಾರಾಸಿಟಮಾಲ್ ಜೊತೆ ಇದೂ ಸೇರಿರುತ್ತದೆ, ಬಾಟಲಿ ತಿರುಗಿಸಿ ಸಣ್ಣಕ್ಷರ ಓದಿ. ಬರೀ ಪ್ಯಾರಾಸಿಟಮಾಲ್ ಸಾಕು, ಅದೂ ಮಗುವಿನ ತೂಕಕ್ಕೆ ತಕ್ಕಷ್ಟು.

ಬೆಳಿಗ್ಗೆ ಕಣ್ಣಿನ ಸುತ್ತ ಊತ, ಕೋಲಾ ಬಣ್ಣದ ಉಚ್ಚೆ, ರಕ್ತಭೇದಿಯಾದ ಕೆಲವು ದಿನಕ್ಕೆ ಮಗು ಬಿಳಿಚಿಕೊಂಡು ಉಚ್ಚೆ ಕಮ್ಮಿಯಾಗುವುದು, ಜೋರು ಉಸಿರು, ಎಬ್ಬಿಸಿದರೂ ಏಳದ ಮಂಪರು, ಇದರಲ್ಲಿ ಒಂದಿದ್ದರೂ ನೇರ ಆಸ್ಪತ್ರೆಗೆ. ಊತವಿದ್ದು ಉಚ್ಚೆ ನಿಂತಿದ್ದರೆ ಸುಮ್ನೆ ನೀರು ಕುಡಿಸುತ್ತಾ ಹೋಗಬೇಡಿ, ಹೊರಗೆ ಹೋಗದ ನೀರು ಶ್ವಾಸಕೋಶಕ್ಕೂ ತುಂಬಬಹುದು.

ಅಲ್ಲಿ ಕ್ರಿಯಾಟಿನಿನ್ (ಕಿಡ್ನಿ ರಕ್ತದಿಂದ ಸೋಸಿ ಹೊರಹಾಕಬೇಕಾದ ಕಸ), ಪೊಟ್ಯಾಸಿಯಂ, ಬಿಪಿ ನೋಡುತ್ತಾರೆ. ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತಕ್ಕೇ ಅಪಾಯ. ರಿಪೋರ್ಟ್‌ನಲ್ಲಿ ಕ್ರಿಯಾಟಿನಿನ್ 0.8 ಇದ್ದು ಪಕ್ಕದಲ್ಲಿ ನಾರ್ಮಲ್ ಅಂತ ಇದ್ದರೂ ನಿರಾಳವಾಗಬೇಡಿ, ಅದು ದೊಡ್ಡವರ ಅಳತೆ ಇರಬಹುದು. ಎರಡು ವರ್ಷದ ಮಗುವಿಗೆ 0.8 ಜಾಸ್ತಿಯೇ. ಹಳೆಯ ರಿಪೋರ್ಟ್ ಇದ್ದರೆ ಜೊತೆಗೆ ಒಯ್ಯಿರಿ, ಕ್ರಿಯಾಟಿನಿನ್ ಮೊದಲಿದ್ದದ್ದರ ಒಂದೂವರೆ ಪಟ್ಟಾಗಿದ್ದರೆ ಕಿಡ್ನಿಗೆ ಪೆಟ್ಟು ಬಿದ್ದಿದೆ ಅಂತ ಡಾಕ್ಟರ್‌ಗೆ ಅದರಿಂದಲೇ ಗೊತ್ತಾಗುತ್ತದೆ.