1202 ಅಲಾರಂ ಬೆನ್ನು ಹತ್ತಿ: ಕಂಪ್ಯೂಟರ್ ಇತಿಹಾಸದ ಆನ್‌ಲೈನ್ ಪತ್ರಾಗಾರಗಳನ್ನು ಬಳಸುವ ಕ್ರಮ

ಕಂಪ್ಯೂಟರಿನ ಇತಿಹಾಸ ಓದಬೇಕು ಎಂದವರಿಗೆ ಸಾಮಾನ್ಯವಾಗಿ ಸಿಗುವುದು ಜಾಲತಾಣಗಳ ಒಂದು ಉದ್ದ ಪಟ್ಟಿ. ಅದರಿಂದ ಹೆಚ್ಚು ಉಪಯೋಗವಿಲ್ಲ. ಹಳೆಯ ಕಂಪ್ಯೂಟರ್ ಕೈಪಿಡಿ, ಪತ್ರಿಕೆಗಳ ಸ್ಕ್ಯಾನ್‌ಗಳನ್ನು ಇಟ್ಟಿರುವ ಬಿಟ್‌ಸೇವರ್ಸ್ ತಾಣಕ್ಕೆ ಸುಮ್ಮನೆ ಹೊಕ್ಕವರು ಫೋಲ್ಡರುಗಳ ರಾಶಿ ನೋಡಿ ಹಾಗೇ ಹೊರಬರುತ್ತಾರೆ. ಉತ್ತರ ಸಿಗಬಹುದಾದ ಸಣ್ಣದೊಂದು ಪ್ರಶ್ನೆ ಕೈಯಲ್ಲಿದ್ದರೆ, ಯಾವ ಪತ್ರಾಗಾರ ಯಾವ ಕೆಲಸಕ್ಕೆ ಎಂಬುದು ತಾನಾಗಿ ತಿಳಿಯುತ್ತದೆ.

ಇಲ್ಲಿ ಎತ್ತಿಕೊಂಡಿರುವ ಪ್ರಶ್ನೆ ಇದು: 1969ರ ಜುಲೈನಲ್ಲಿ ಅಪೊಲೊ 11ರ ಈಗಲ್ ನೌಕೆ ಚಂದ್ರನ ಮೇಲೆ ಇಳಿಯುತ್ತಿದ್ದಾಗ ಅದರ ಕಂಪ್ಯೂಟರ್ 1202 ಎಂಬ ಅಲಾರಂ ಕೊಟ್ಟಿದ್ದೇಕೆ? ರೇಡಿಯೊ ಮಾತುಕತೆಯ ದಾಖಲೆ, ಪ್ರೋಗ್ರಾಮಿನ ಕೋಡ್, ಅಧಿಕೃತ ವರದಿ, ಕೆಲಸ ಮಾಡಿದವರ ಮಾತು, ಈ ನಾಲ್ಕೂ ಬಗೆಯ ಸಾಕ್ಷಿ ಇದಕ್ಕೆ ಪುಕ್ಕಟೆಯಾಗಿ ಸಿಗುತ್ತದೆ. ಅವು ಒಂದಕ್ಕೊಂದು ಪೂರ್ತಿ ತಾಳೆಯಾಗುವುದಿಲ್ಲ ಎಂಬುದೇ ಈ ಪ್ರಶ್ನೆಯ ಸ್ವಾರಸ್ಯ.

ಮೊದಲು ಗಡಿಯಾರ ಸರಿಮಾಡಿಕೊಳ್ಳಿ

ನಾಸಾದ ಅಪೊಲೊ ಲೂನಾರ್ ಸರ್ಫೇಸ್ ಜರ್ನಲ್‌ನಲ್ಲಿ ಇಳಿಯುವಿಕೆಯ ಮಾತುಕತೆ ಟಿಪ್ಪಣಿಗಳ ಸಮೇತ ಇದೆ. ಅಲ್ಲಿನ ಸಮಯವೆಲ್ಲ ಉಡಾವಣೆಯಿಂದ ಎಣಿಸಿದ ಗಂಟೆ, ನಿಮಿಷ, ಸೆಕೆಂಡು. ಮೊದಲ ಅಲಾರಂ 102:38:26ರ ಹೊತ್ತಿಗೆ ಬರುತ್ತದೆ. 1969ರಲ್ಲೇ ಟೈಪಾದ ಮೂಲ ಪ್ರತಿಯ ಸ್ಕ್ಯಾನ್ ತೆರೆದು ಇದೇ ಸಂಖ್ಯೆ ಹುಡುಕಿದರೆ ಏನೂ ಸಿಗದು. ಅದರಲ್ಲಿ ದಿನವನ್ನು ಬೇರೆ ಬರೆಯುತ್ತಾರೆ: 04 06 38 26, ಅಂದರೆ 4 ದಿನ, 6 ಗಂಟೆ, 38 ನಿಮಿಷ, 26 ಸೆಕೆಂಡು. ಅಂಕಿಗಳ ನಡುವೆ ಖಾಲಿ ಜಾಗ ಬಿಟ್ಟೇ ಹುಡುಕಿ. ಆಗಲೂ ಸಿಗದಿದ್ದರೆ, ಸ್ಕ್ಯಾನ್ ಚಿತ್ರವನ್ನು ಪಠ್ಯವಾಗಿಸುವ ಓಸಿಆರ್ ತಂತ್ರಾಂಶ ಸೊನ್ನೆಯನ್ನು ಇಂಗ್ಲಿಷಿನ ಓ ಅಕ್ಷರವಾಗಿ ಓದಿರಬಹುದು. 38 26 ಎಂದಷ್ಟೇ ಕೊಟ್ಟು ನೋಡಿ.

ಇದನ್ನು ಲೋಕದ ಗಡಿಯಾರಕ್ಕೆ ತರಲು ಉಡಾವಣೆಯ ಸಮಯಕ್ಕೆ ಕೂಡಿಸಬೇಕು. ಉಡಾವಣೆ ಜುಲೈ 16ರಂದು, ಗ್ರೀನಿಚ್ ಸಮಯ 13:32ಕ್ಕೆ. ನೌಕೆ ನೆಲ ಮುಟ್ಟಿದ್ದು 102:45:40ಕ್ಕೆ, ಅಂದರೆ ಜುಲೈ 20ರ 20:17:40. ಭಾರತದಲ್ಲಿ ಆಗ ಜುಲೈ 21ರ ನಸುಕು, 1 ಗಂಟೆ 47 ನಿಮಿಷ. ನಮ್ಮ ಹಳೆಯ ಪತ್ರಿಕೆಗಳಲ್ಲಿ ಈ ಸುದ್ದಿ ಹುಡುಕುವವರು ಒಂದು ದಿನ ಮುಂದಕ್ಕೆ ನೋಡಬೇಕಾಗುವುದು ಇದಕ್ಕೇ.

ಇನ್ನೊಂದು ತೊಡಕಿದೆ. ಈ ಜರ್ನಲ್ ಹಳೆಯ ವಿಳಾಸದಿಂದ ನಾಸಾದ ಮುಖ್ಯ ತಾಣಕ್ಕೆ ಸ್ಥಳಾಂತರಗೊಂಡಿರುವುದರಿಂದ ಹಳೆಯ ಲೇಖನಗಳಲ್ಲಿರುವ ಕೊಂಡಿಗಳು ಅನೇಕ ಕಡೆ ಮುರಿದಿವೆ. ಸತ್ತ ಕೊಂಡಿಯನ್ನು ಪೂರ್ತಿ ನಕಲು ಮಾಡಿ ಜಾಲಪುಟಗಳ ಹಳೆಯ ಪ್ರತಿಗಳನ್ನು ಕೂಡಿಡುವ, ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನಿಗೆ ಅಂಟಿಸಿ. ತೆರೆಯುವ ಪಂಚಾಂಗದಲ್ಲಿ ನೀಲಿ ಚುಕ್ಕೆ ಎಂದರೆ ಪುಟ ಸರಿಯಾಗಿ ಉಳಿದಿದೆ, ಹಸಿರು ಎಂದರೆ ಬೇರೆಡೆಗೆ ಕಳಿಸುತ್ತಿತ್ತು, ಕಿತ್ತಳೆ ಮತ್ತು ಕೆಂಪು ಎಂದರೆ ಆ ದಿನ ಉಳಿದದ್ದು ದೋಷದ ಸೂಚನೆ ಮಾತ್ರ. ನೀಲಿ ಚುಕ್ಕೆಯನ್ನೇ ಒತ್ತಿ. ಪುಟದ ಪಠ್ಯ ಒಂದು ದಿನದ್ದು, ಅದರೊಳಗಿನ ಚಿತ್ರ ಇನ್ನೊಂದು ದಿನದ್ದು ಆಗಿರುವುದುಂಟು. ಚಿತ್ರವನ್ನೇ ಸಾಕ್ಷಿಯಾಗಿ ಬಳಸುವುದಾದರೆ ಅದರ ವಿಳಾಸದಲ್ಲಿರುವ ತಾರೀಖನ್ನು ಪ್ರತ್ಯೇಕ ನೋಡಿಕೊಳ್ಳಿ.

ಕೋಡಿನೊಳಗೆ

ಅಪೊಲೊ ಕಂಪ್ಯೂಟರಿನ ಕೋಡ್ ಇಂದು ಎರಡು ಕಡೆ ಹೆಚ್ಚು ಓದಲಾಗುತ್ತದೆ. ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ 2016ರಲ್ಲಿ ಸುದ್ದಿಯಾದ ಪ್ರತಿ ಒಂದು, ಅದಕ್ಕೆ ಮೂಲವಾದ ವರ್ಚುವಲ್ ಎಜಿಸಿ (ಎಜಿಸಿ ಎಂದರೆ ಅಪೊಲೊ ಗೈಡೆನ್ಸ್ ಕಂಪ್ಯೂಟರ್) ಯೋಜನೆ ಇನ್ನೊಂದು. ಎರಡನೆಯದರಿಂದಲೇ ಶುರು ಮಾಡುವುದು ಒಳ್ಳೆಯದು. ಲಿಸ್ಟಿಂಗ್ ಎನ್ನುವ, ಕೋಡಿನ ಮೂಲ ಮುದ್ರಿತ ಪ್ರತಿಯ ಸ್ಕ್ಯಾನ್‌ಗಳಿಗೆ ದಾರಿ ಅಲ್ಲಿದೆ, ಮತ್ತು ಈ ಕಾಲದವರು ಸೇರಿಸಿದ ಟಿಪ್ಪಣಿಗಳಿಗೆ ಎರಡು ಹ್ಯಾಶ್ (#) ಗುರುತು, 1969ರ ಪ್ರೋಗ್ರಾಮರುಗಳದಕ್ಕೆ ಒಂದೇ ಹ್ಯಾಶ್. ಗಿಟ್‌ಹಬ್‌ನ ಜನಪ್ರಿಯ ಪ್ರತಿಯಲ್ಲಿ ಫೈಲಿನ ತಲೆಯಲ್ಲಿರುವ ಇತ್ತೀಚಿನ ಟಿಪ್ಪಣಿಗೂ ಒಂದೇ ಹ್ಯಾಶ್ ಇರುವುದರಿಂದ, ಮೊನ್ನೆ ಬರೆದ ಸಾಲನ್ನು 1969ರದೆಂದು ಉದ್ಧರಿಸುವ ಅಪಾಯ ಸದಾ ಇದೆ.

ಹೆಜ್ಜೆಗಳು ಹೀಗೆ. ಲುಮಿನರಿ 099 ಎಂಬ ಫೋಲ್ಡರಿಗೆ ಹೋಗಿ. ಕೊಮಾಂಚಿ 055 ಎಂಬುದು ಚಂದ್ರನ ಸುತ್ತ ಸುತ್ತುತ್ತಾ ಉಳಿದ ಕಮಾಂಡ್ ಮಾಡ್ಯೂಲಿನದು. ಅಲಾರಂ ಬಂದದ್ದು ಚಂದ್ರನೌಕೆಯಲ್ಲಿ. ಎರಡರಲ್ಲೂ ಒಂದೇ ಹೆಸರಿನ ಫೈಲುಗಳಿರುವುದರಿಂದ ಸರ್ಚ್ ಎಂಜಿನ್ ಮೂಲಕ ನೇರ ಬಂದವರು ತಪ್ಪು ನೌಕೆಯ ಕೋಡ್ ಓದುತ್ತಾ ಕೂರುವುದು ಮಾಮೂಲು. ಅಲ್ಲಿ ಎಕ್ಸಿಕ್ಯುಟಿವ್ ಎಂಬ ಫೈಲು ತೆರೆದು 1202 ಎಂದು ಹುಡುಕಿ. ಮುಂದೆ ಸೊನ್ನೆ ಹಾಕಬೇಡಿ: ಕೆಲವೆಡೆ ಇಂಥ ಸಂಖ್ಯೆಗಳನ್ನು ಐದಂಕಿಯಲ್ಲಿ 01202 ಎಂದು, ಕೆಲವೆಡೆ ನಾಲ್ಕಂಕಿಯಲ್ಲಿ ಬರೆದಿರುತ್ತಾರೆ, ನಾಲ್ಕಂಕಿ ಕೊಟ್ಟರೆ ಎರಡೂ ಸಿಗುತ್ತವೆ. ಇದು ಎಂಟರ ಆಧಾರದಲ್ಲಿ ಎಣಿಸುವ ಆಕ್ಟಲ್ ಸಂಖ್ಯೆ. ಸಾವಿರದ ಇನ್ನೂರ ಎರಡು ಎಂದು ಓದಬಾರದು.

ಸಿಕ್ಕ ಜಾಗದಲ್ಲಿ ಬೇಲ್‌ಔಟ್ ಎಂದು ಶುರುವಾಗುವ ಕರೆ ಕಾಣುತ್ತದೆ. ಹೊಸ ಕೆಲಸವೊಂದನ್ನು ಹಚ್ಚಲು ಹೋದಾಗ ಅದಕ್ಕೆ ಬೇಕಾದ ಕೋರ್ ಸೆಟ್ ಎಂಬ ನೆನಪಿನ ತುಣುಕು ಖಾಲಿ ಇಲ್ಲದಿದ್ದರೆ 1202. ಲೆಕ್ಕಾಚಾರಕ್ಕೆ ಬೇಕಾದ ವ್ಯಾಕ್ ಎಂಬ ದೊಡ್ಡ ತುಣುಕು ಇಲ್ಲದಿದ್ದರೆ 1201. ಆ ಇಳಿಯುವಿಕೆಯಲ್ಲಿ ಎರಡೂ ಬಂದಿವೆ. ಕೋಡ್ ಹೇಳುವುದು ಇಷ್ಟೇ: ಹಳೆಯ ಕೆಲಸಗಳು ಮುಗಿಯುವ ಮೊದಲೇ ಹೊಸವು ಬಂದು ಸೇರಿದವು. ಮುಗಿಯಲಿಲ್ಲ ಏಕೆ ಎಂಬುದನ್ನು ಕೋಡ್ ಹೇಳುವುದಿಲ್ಲ. ಸೋರ್ಸ್ ಕೋಡ್ ಸಿಕ್ಕಿತೆಂದರೆ ಇತಿಹಾಸ ಸಿಕ್ಕಿತೆಂದು ತಿಳಿಯುವವರು ಇಲ್ಲಿಯೇ ನಿಂತುಬಿಡುತ್ತಾರೆ.

ಸಂಶಯ ಬಂದ ಸಾಲನ್ನು ಸ್ಕ್ಯಾನಿಗೆ ಹೋಲಿಸಿ ನೋಡಿ. ಕೋಡಿನ ನಡುವೆ ಮುದ್ರಿತ ಪುಟದ ಸಂಖ್ಯೆ ಹಾಕಿರುವುದರಿಂದ, ಸಾವಿರಕ್ಕೂ ಹೆಚ್ಚು ಪುಟಗಳ ಲಿಸ್ಟಿಂಗಿನಲ್ಲಿ ತಡಕಾಡಬೇಕಿಲ್ಲ. ಮುದ್ರಿತ ಪುಟದಲ್ಲಿ ಪ್ರತಿ ಸೂಚನೆಯ ಪಕ್ಕ ಯಂತ್ರಭಾಷೆಯ ಆಕ್ಟಲ್ ಅಂಕಿ ಇರುತ್ತದೆ, ಬ್ಯಾಂಕ್ ಎಂಬ ಪ್ರತಿ ನೆನಪಿನ ಭಾಗಕ್ಕೂ ಒಂದು ಚೆಕ್‌ಸಮ್, ಅಂದರೆ ತಾಳೆ ನೋಡುವ ಮೊತ್ತ, ಇರುತ್ತದೆ. ಟೈಪು ಮಾಡಿದ ಕೋಡನ್ನು ಮತ್ತೆ ಅಸೆಂಬಲ್ ಮಾಡಿ, ಅಂದರೆ ಯಂತ್ರಭಾಷೆಗೆ ಬದಲಿಸಿ, ಈ ಅಂಕಿಗಳಿಗೆ ತಾಳೆ ನೋಡಿದರೆ ಸೂಚನೆಗಳಲ್ಲಿನ ತಪ್ಪು ಸಿಕ್ಕಿಬೀಳುತ್ತದೆ. ಟಿಪ್ಪಣಿಗಳಿಗೆ ಈ ರಕ್ಷಣೆ ಇಲ್ಲ. ಅಸೆಂಬ್ಲರ್ ಅವನ್ನು ಓದುವುದೇ ಇಲ್ಲ. ಆದ್ದರಿಂದ ಟಿಪ್ಪಣಿ ಉದ್ಧರಿಸುವವರು ಸ್ಕ್ಯಾನ್ ನೋಡಲೇಬೇಕು.

ಕೆಬಿ ಎಂಬ ಬಲೆ

ಈ ಕಂಪ್ಯೂಟರಿನ ಸ್ಥಿರ ನೆನಪು ಒಂದು ಲೇಖನದಲ್ಲಿ 69 ಕೆಬಿ, ಇನ್ನೊಂದರಲ್ಲಿ 72, ಮತ್ತೊಂದರಲ್ಲಿ 74 ಎಂದಿರುತ್ತದೆ. ಮೂರೂ ಒಂದೇ ಲೆಕ್ಕದಿಂದ ಬಂದವು. 1,024 ವರ್ಡ್‌ಗಳ 36 ಬ್ಯಾಂಕು, ಒಟ್ಟು 36,864 ವರ್ಡ್. ಒಂದು ವರ್ಡ್, ಅಂದರೆ ಕಂಪ್ಯೂಟರ್ ಒಮ್ಮೆಗೆ ಹಿಡಿಯುವ ತುಣುಕು, 15 ಬಿಟ್; ಜೊತೆಗೆ ತಪ್ಪು ಪತ್ತೆಗೆಂದು ಒಂದು ಪ್ಯಾರಿಟಿ ಬಿಟ್. ಪ್ಯಾರಿಟಿ ಬಿಟ್ಟರೆ 69,120 ಬೈಟ್, ಸೇರಿಸಿದರೆ 73,728 ಬೈಟ್. ಅದನ್ನು 1,024ರಿಂದ ಭಾಗಿಸಿದವರು 72 ಎನ್ನುತ್ತಾರೆ, 1,000ದಿಂದ ಭಾಗಿಸಿದವರು 74. ಹಳೆಯ ಯಂತ್ರಗಳ ಬಗ್ಗೆ ಬರೆಯುವಾಗ ಕೆಬಿಯನ್ನೇ ಬಿಟ್ಟು, ಎಷ್ಟು ವರ್ಡ್, ವರ್ಡಿಗೆ ಎಷ್ಟು ಬಿಟ್ ಎಂದು ಬರೆಯಿರಿ. ಇದೇ ಕಂಪ್ಯೂಟರಿನ ಅಳಿಸಿ ಬರೆಯುವ ನೆನಪು 2,048 ವರ್ಡ್. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಟಿಫ್ರ್ಯಾಕ್ ಯಂತ್ರದ್ದೂ 2,048 ವರ್ಡ್‌ಗಳೇ, ಆದರೆ ಅಲ್ಲಿ ವರ್ಡಿಗೆ 40 ಬಿಟ್. ಎರಡೂ ಸಮ ಎಂದು ಬರೆದರೆ ಎರಡೂವರೆ ಪಟ್ಟಿಗಿಂತ ಹೆಚ್ಚಿನ ತಪ್ಪಾಗುತ್ತದೆ.

ಜನರ ಮಾತು

ಹೊಸ ಕೆಲಸಗಳು ಜಮೆಯಾದದ್ದೇಕೆ ಎಂಬುದಕ್ಕೆ ಅಲ್ಲಿದ್ದವರ ಮಾತು ಬೇಕು. ನಾಸಾದ ಜಾನ್ಸನ್ ಕೇಂದ್ರದ ಮೌಖಿಕ ಇತಿಹಾಸ ಸಂಗ್ರಹ, ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ, ಮಿನೆಸೋಟ ವಿಶ್ವವಿದ್ಯಾಲಯದ ಚಾರ್ಲ್ಸ್ ಬ್ಯಾಬೇಜ್ ಇನ್‌ಸ್ಟಿಟ್ಯೂಟ್, ಈ ಮೂರೂ ಸಂದರ್ಶನಗಳ ಪೂರ್ತಿ ಲಿಖಿತ ಪಠ್ಯವನ್ನು ಕೊಡುತ್ತವೆ. ಸಂದರ್ಶನ ಓದುವಾಗ ಮೊದಲು ನೋಡಬೇಕಾದದ್ದು ಅದು ನಡೆದ ವರ್ಷ. ಹೂಸ್ಟನ್ನಿನ ನಿಯಂತ್ರಣ ಕೇಂದ್ರದಲ್ಲಿ ಈ ಅಲಾರಂಗಳ ಅರ್ಥ ಬಲ್ಲವರಾಗಿದ್ದ ಜ್ಯಾಕ್ ಗಾರ್ಮನ್ ಅವರ ಸಂದರ್ಶನ ನಡೆದದ್ದು 2001ರಲ್ಲಿ, ಘಟನೆಯಾಗಿ 32 ವರ್ಷಕ್ಕೆ. ಇಂಥ ಮಾತಿನಲ್ಲಿ ಯಾರು ಎಲ್ಲಿ ಕೂತಿದ್ದರು, ಯಾರಿಗೆ ಏನು ಗೊತ್ತಿತ್ತು ಎಂಬುದನ್ನು ನಂಬಬಹುದು. ಸೆಕೆಂಡುಗಳನ್ನೂ ಸಂಖ್ಯೆಗಳನ್ನೂ ನಂಬುವ ಮೊದಲು ದಾಖಲೆ ನೋಡಬೇಕು.

ಕಾರಣದ ವಿಷಯದಲ್ಲಿ ಎರಡು ಹೇಳಿಕೆಗಳಿವೆ. ಎಂಐಟಿಯಲ್ಲಿ ಹಾರಾಟದ ಸಾಫ್ಟ್‌ವೇರ್ ತಂಡ ನಡೆಸಿದ ಮಾರ್ಗರೆಟ್ ಹ್ಯಾಮಿಲ್ಟನ್ 1971ರ ಮಾರ್ಚ್‌ನಲ್ಲಿ ಡೇಟಾಮೇಷನ್ ಪತ್ರಿಕೆಗೆ ಬರೆದ ಪತ್ರದಲ್ಲಿ, ಚೆಕ್‌ಲಿಸ್ಟಿನ ದೋಷದಿಂದ ರೆಂಡೆವೂ ರೇಡಾರಿನ (ಮರಳಿ ಕಮಾಂಡ್ ಮಾಡ್ಯೂಲನ್ನು ಸೇರುವಾಗ ಬಳಸುವ ರೇಡಾರ್) ಸ್ವಿಚ್ಚು ತಪ್ಪು ಜಾಗದಲ್ಲಿತ್ತು ಎನ್ನುತ್ತಾರೆ. ಇಳಿಯುವ ಪ್ರೋಗ್ರಾಂ ಬರೆದವರಲ್ಲೊಬ್ಬರಾದ ಡಾನ್ ಐಲ್ಸ್ 2004ರಲ್ಲಿ ಬೇರೆ ಕಡೆ ಬೊಟ್ಟು ಮಾಡುತ್ತಾರೆ: ರೇಡಾರಿಗೂ ಕಂಪ್ಯೂಟರಿಗೂ 800 ಹರ್ಟ್ಜ್‌ನ ಎರಡು ವಿದ್ಯುತ್ ಮೂಲಗಳಿದ್ದವು, ಆವರ್ತನ ಕೂಡುತ್ತಿತ್ತು, ಫೇಸ್, ಅಂದರೆ ಅಲೆಗಳು ಏರಿಳಿಯುವ ಹೊತ್ತು, ಕೂಡುತ್ತಿರಲಿಲ್ಲ; ಆದ್ದರಿಂದ ಕದಲದೆ ನಿಂತ ಆಂಟೆನಾ ಓಲಾಡುತ್ತಿದೆ ಎಂದು ಕಂಪ್ಯೂಟರ್ ಎಣಿಸುತ್ತಲೇ ಹೋಯಿತು.

ಯಾರ ಮಾತು ಎಂದು ಪಕ್ಷ ಹಿಡಿಯುವ ಮೊದಲು ಲೆಕ್ಕ ಹಾಕಿ. ಆಂಟೆನಾದ ಎರಡು ಕೋನಗಳಿಗೆ ಎರಡು ಕೌಂಟರು, ಒಂದೊಂದಕ್ಕೂ ಸೆಕೆಂಡಿಗೆ ಹೆಚ್ಚೆಂದರೆ 6,400 ಪಲ್ಸ್. ಒಂದು ಪಲ್ಸ್ ಎಣಿಸಲು ಒಂದು ನೆನಪಿನ ಆವರ್ತ, 11.72 ಮೈಕ್ರೊಸೆಕೆಂಡು, ಖರ್ಚಾಗುತ್ತದೆ. 12,800ನ್ನು 11.72ರಿಂದ ಗುಣಿಸಿದರೆ ಸೆಕೆಂಡಿನಲ್ಲಿ 0.15, ಅಂದರೆ ಕಂಪ್ಯೂಟರಿನ ಸಮಯದಲ್ಲಿ ಶೇ. 15 ಸುಮ್ಮನೆ ಸೋರಿಹೋಗುತ್ತಿತ್ತು. ಕೆಲಸ ಹಿಂದೆ ಬಿದ್ದದ್ದೇಕೆ ಎಂಬುದು ಇದರಿಂದ ತಿಳಿಯುತ್ತದೆ. ಸ್ವಿಚ್ಚು ಬೇರೆ ಜಾಗದಲ್ಲಿದ್ದಿದ್ದರೆ ಸೋರಿಕೆ ಇರುತ್ತಿರಲಿಲ್ಲ ಎಂಬುದೂ ನಿಜ, ಆ ಜಾಗದಲ್ಲಿದ್ದರೂ ಸೋರಬಾರದಿತ್ತು ಎಂಬುದೂ ನಿಜ. ಎರಡು ಹೇಳಿಕೆ ಒಂದೇ ಸರಪಳಿಯ ಬೇರೆ ಬೇರೆ ಕೊಂಡಿಗಳನ್ನು ಹಿಡಿದಿವೆ. 1969ರ ನವೆಂಬರಿನ ಅಪೊಲೊ 11 ಮಿಷನ್ ರಿಪೋರ್ಟ್ ನಾಸಾದ ತಾಂತ್ರಿಕ ವರದಿಗಳ ಸರ್ವರಿನಲ್ಲಿದೆ. ಎಂಎಸ್‌ಸಿ-00171 ಎಂಬ ವರದಿ ಸಂಖ್ಯೆ ಕೊಟ್ಟು ಹುಡುಕಿ. ಶೀರ್ಷಿಕೆ ಕೊಟ್ಟರೆ ಅದೇ ಹೆಸರಿನ ಪೂರಕ ಪ್ರಕಟಣೆಗಳೆಲ್ಲ ಮೇಲೆ ಬಂದು ಬೀಳುತ್ತವೆ.

ಬಿಟ್‌ಸೇವರ್ಸ್‌ಗೆ ಈಗ ಹೋಗಬಹುದು

ಡೇಟಾಮೇಷನ್ ಸಂಚಿಕೆಗಳ ಸ್ಕ್ಯಾನ್ ಇರುವುದು ಇಲ್ಲಿ. ಪಿಡಿಎಫ್ ಫೋಲ್ಡರಿನಲ್ಲಿ ಕಂಪನಿಗಳ ಹೆಸರಿನ ಪ್ರಕಾರ ಕೈಪಿಡಿಗಳು, ಬೇರೊಂದು ಕಡೆ ಪತ್ರಿಕೆಗಳು. ಫೈಲಿನ ಹೆಸರಿನಲ್ಲೇ ಭಾಗ ಸಂಖ್ಯೆ, ಶೀರ್ಷಿಕೆ, ತಿಂಗಳು, ವರ್ಷ ಇರುತ್ತವೆ. ಇಳಿಸಿಕೊಂಡ ಮೇಲೆ ಆ ಹೆಸರನ್ನು ಬದಲಿಸಬೇಡಿ. ಒಂದೇ ಕೈಪಿಡಿಯ ನಾಲ್ಕು ಪರಿಷ್ಕರಣೆಗಳಿದ್ದಾಗ ಯಾವುದನ್ನು ಓದಿದ್ದೀರಿ ಎಂಬುದಕ್ಕೆ ಎಷ್ಟೋ ಸಲ ಆ ಹೆಸರೊಂದೇ ಗುರುತು. ಸರ್ವರ್ ನಿಧಾನವಾದರೆ ಅದೇ ಫೈಲುಗಳ ನಕಲಿರುವ ಮಿರರ್ ತಾಣಗಳನ್ನು ಬಳಸಿ. ಇಡೀ ಫೋಲ್ಡರನ್ನು ಒಮ್ಮೆಲೇ ಎಳೆಯುವುದು ಸರಿಯಲ್ಲ.

ಇದೇ ಸ್ಕ್ಯಾನ್‌ಗಳು ಬಹುಪಾಲು ಇಂಟರ್‌ನೆಟ್ ಆರ್ಕೈವ್‌ನಲ್ಲೂ ಇವೆ, ಅಲ್ಲಿ ಪಠ್ಯದೊಳಗೆ ಹುಡುಕಬಹುದು. ಅಲ್ಲಿ ಹುಡುಕಿ, ಇಲ್ಲಿ ಓದುವುದು ಒಳ್ಳೆಯ ಕ್ರಮ. ಟಿಪ್ಪಣಿ ಮಾಡುವಾಗ ಪಿಡಿಎಫ್‌ನ ಪುಟ ಸಂಖ್ಯೆ, ಮುದ್ರಿತ ಪುಟ ಸಂಖ್ಯೆ ಎರಡನ್ನೂ ಬರೆಯಿರಿ. ಹೊದಿಕೆ, ಜಾಹೀರಾತುಗಳ ಲೆಕ್ಕದಲ್ಲಿ ಇವೆರಡು ಕೂಡುವುದೇ ಅಪರೂಪ. ಯಾವುದೇ ಜಾಲಪುಟವನ್ನು ಆಧಾರವಾಗಿ ಕೊಡುವುದಾದರೆ ಅದೇ ದಿನ ವೇಬ್ಯಾಕ್ ಮಷೀನಿನಲ್ಲಿ ಉಳಿಸಿ, ಆ ಕೊಂಡಿಯನ್ನೂ ಬರೆದಿಡಿ.

ನಮ್ಮ ಯಂತ್ರಗಳನ್ನು ಹುಡುಕುವಾಗ

ಭಾರತದ ಆರಂಭದ ಕಂಪ್ಯೂಟರುಗಳಿಗೆ ಇಷ್ಟು ಸಲೀಸಾದ ದಾರಿಯಿಲ್ಲ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಪತ್ರಾಗಾರ ಮತ್ತು ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಗಳು ಆನ್‌ಲೈನಿನಲ್ಲಿ ಸಿಗುತ್ತವೆ. ಉಳಿದದ್ದು ವಿದೇಶಿ ಸಂಗ್ರಹಗಳಲ್ಲಿ ಚೂರುಚೂರಾಗಿದೆ. ಹುಡುಕುವಾಗ ಇಂದಿನ ಹೆಸರು ಕೊಟ್ಟರೆ ಕೆಲಸ ಕೆಡುತ್ತದೆ. ಬಾಂಬೆ, ಕಲ್ಕತ್ತಾ, ಬ್ಯಾಂಗಲೋರ್ ಎಂದೇ ಇಂಗ್ಲಿಷಿನಲ್ಲಿ ಕೊಡಿ. ಕಲ್ಕತ್ತದ ಸಂಖ್ಯಾಶಾಸ್ತ್ರ ಸಂಸ್ಥೆಗೆ 1955ರಲ್ಲಿ ಬಂದ ಎಚ್‌ಇಸಿ-2ಎಂ ಯಂತ್ರವನ್ನು ಬ್ರಿಟಿಷ್ ಟ್ಯಾಬುಲೇಟಿಂಗ್ ಮಷೀನ್ ಕಂಪನಿಯ ಹೆಸರಿನಡಿ ನೋಡಬೇಕು. ಟಿಫ್ರ್ಯಾಕ್ ಕೆಲಸ ಶುರು ಮಾಡಿದ್ದು 1960ರಲ್ಲಿ, ನೆಹರೂ ಅದಕ್ಕೆ ಆ ಹೆಸರಿಟ್ಟಿದ್ದು 1962ರ ಜನವರಿಯಲ್ಲಿ. ಅದಕ್ಕೂ ಹಿಂದಿನ ಕಾಗದಪತ್ರಗಳಲ್ಲಿ ಆ ಹೆಸರು ಹುಡುಕಿ ಫಲವಿಲ್ಲ. ಟಾಟಾ ಇನ್‌ಸ್ಟಿಟ್ಯೂಟ್ ಜೊತೆಗೆ ಡಿಜಿಟಲ್ ಕಂಪ್ಯೂಟರ್, ಆಟೊಮ್ಯಾಟಿಕ್ ಕ್ಯಾಲ್ಕ್ಯುಲೇಟರ್ ಎಂಬ ಪದಗಳನ್ನು ಕೂಡಿಸಿ ನೋಡಿ.

ಕನ್ನಡದ ಹಳೆಯ ಜಾಲತಾಣಗಳದು ಬೇರೆಯೇ ಪಾಡು. ಯೂನಿಕೋಡ್ ಬಳಕೆಗೆ ಬರುವ ಮುಂಚಿನ ಪುಟಗಳು ವೇಬ್ಯಾಕ್ ಮಷೀನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಪುಟ ಕೆಟ್ಟಿಲ್ಲ, ಫಾಂಟ್ ಇಲ್ಲ ಅಷ್ಟೇ. ಪುಟದ ಮೂಲ ಎಚ್‌ಟಿಎಂಎಲ್ ತೆರೆದು ಫಾಂಟಿನ ಹೆಸರು ನೋಡಿ. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಫಾಂಟ್ ಆಗಿದ್ದರೆ ಪಠ್ಯವನ್ನು ನಕಲು ಮಾಡಿ ಆಸ್ಕಿಯಿಂದ ಯೂನಿಕೋಡಿಗೆ ಬದಲಿಸುವ ಉಪಕರಣಕ್ಕೆ ಹಾಕಿ. ಒತ್ತಕ್ಷರ ಮತ್ತು ಅರ್ಕಾವತ್ತು ಹೆಚ್ಚಾಗಿ ತಪ್ಪುವ ಜಾಗಗಳು. ಹೆಸರು, ಊರು ಇರುವ ಸಾಲುಗಳನ್ನು ಕಣ್ಣಿಟ್ಟು ಓದಿ. ಪತ್ರಿಕೆಯೊಂದು ತನ್ನದೇ ಫಾಂಟ್ ಬಳಸಿದ್ದರೆ, ಅದೇ ತಾಣದ ಹಳೆಯ ಪ್ರತಿಗಳಲ್ಲಿ ಫಾಂಟ್ ಇಳಿಸಿಕೊಳ್ಳುವ ಕೊಂಡಿ ಇದೆಯೇ ಎಂದು ನೋಡಿ. ಫಾಂಟ್ ಫೈಲನ್ನೂ ವೇಬ್ಯಾಕ್ ಮಷೀನ್ ಕೆಲವೊಮ್ಮೆ ಉಳಿಸಿಕೊಂಡಿರುತ್ತದೆ.